ಘಟ್ಟದ ರೈಲು ನೋಡಲು ಬರುವ ಗೆಳೆಯರಿಗೊಂದು ಬಹಿರಂಗ ಪತ್ರ

ಪ್ರಿಯ ಗೆಳೆಯರೆ,

ಆರಿದ್ರಾ ಮಳೆ ಹಿಡಿದು ಒಂದು ವಾರವಾಯಿತೆಂದರೆ ನಮ್ಮ ಸಕಲೇಶಪುರ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ನೀವು ಕಾಣಿಸಿಕೊಳ್ಳತೊಡಗುತ್ತೀರಿ. ಬೆಂಗಳೂರಿನವರು, ಮೈಸೂರಿನವರು, ದಾವಣಗೆರೆ, ಹುಬ್ಬಳ್ಳಿ ಕಡೆಯವರು, ಈಚೆಗೆ ಹೈದರಾಬಾದು, ಚೆನ್ನೈಯವರೂ. ಬಣ್ಣಬಣ್ಣದ ರೇನ್‌ಕೋಟು, ಬೆನ್ನಿಗೊಂದು ಚೀಲ, ಕೈಯಲ್ಲಿ ಮೊಬೈಲು. ಬೆಳಿಗ್ಗೆ ಯಶವಂತಪುರ ಬಿಟ್ಟ ಮಂಗಳೂರಿನ ಹಗಲು ರೈಲು ಬಂದು ನಿಂತಾಗ ಕಿಟಕಿ ಪಕ್ಕದ ಸೀಟಿಗಾಗಿ ನೀವು ಓಡುವುದನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ. ನಮ್ಮ ಘಟ್ಟ ನೋಡಲೆಂದೇ ಇಷ್ಟು ದೂರದಿಂದ ಜನ ಬರುತ್ತಾರೆ ಎನ್ನುವುದು ಸಣ್ಣ ಮಾತಲ್ಲ.

ನಾನು ಇದೇ ಊರಿನವನು. ಮೂವತ್ತು ವರ್ಷ ಹೈಸ್ಕೂಲು ಮೇಷ್ಟ್ರಾಗಿದ್ದೆ. ನನ್ನ ಚಿಕ್ಕಪ್ಪ ಈ ಲೈನಿನಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಮಗಳನ್ನು ಪುತ್ತೂರಿಗೆ ಕೊಟ್ಟಿರುವುದರಿಂದ ತಿಂಗಳಿಗೊಮ್ಮೆಯಾದರೂ ಘಟ್ಟ ಇಳಿದು ಹತ್ತುತ್ತೇನೆ. ಈ ಓಡಾಟದಲ್ಲಿ ನಿಮ್ಮ ಪಕ್ಕ ಕೂತಿದ್ದೇನೆ, ನಿಮ್ಮ ಚಕ್ಕುಲಿ ತಿಂದಿದ್ದೇನೆ, ನಿಮ್ಮ ಫೋಟೊ ತೆಗೆದುಕೊಟ್ಟಿದ್ದೇನೆ. ಕೆಲವು ಸಲ ನಿಮ್ಮನ್ನು ನೋಡಿ ಎದೆ ಧಸಕ್ಕೆಂದಿದೆ. ರೈಲಿನಲ್ಲಿ ಹೇಳಲು ಹೋದರೆ ಸುರಂಗದ ಸದ್ದಿನಲ್ಲಿ ಮಾತು ಮುಳುಗಿಹೋಗುತ್ತದೆ. ಅದಕ್ಕೇ ಈ ಪತ್ರ.

ಮೊದಲು ನೀವು ನೋಡಲು ಬರುವ ದಾರಿಯ ವಿಷಯ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ, ಅಂದರೆ ನೆಟ್ಟಣಕ್ಕೆ, 55 ಕಿಲೋಮೀಟರು. ಈ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಸೇತುವೆಗಳು ನೂರಕ್ಕೂ ಹೆಚ್ಚು. ಏರಿಳಿತ 50ಕ್ಕೆ 1, ಎಂದರೆ ಐವತ್ತು ಮೀಟರು ಮುಂದೆ ಹೋದರೆ ಒಂದು ಮೀಟರು ಕೆಳಗೆ. ರಸ್ತೆಗೆ ಇದು ಇಳಿಜಾರೇ ಅಲ್ಲ. ರೈಲಿಗೆ ಇದು ಕಡಿದಾದ ಘಟ್ಟ. ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಜಾರುವುದು ಎಷ್ಟು ಸುಲಭ ಎಂದು ಮಳೆಗಾಲದಲ್ಲಿ ಘಟ್ಟ ಹತ್ತುವ ಗೂಡ್ಸ್ ಗಾಡಿಯ ಏದುಸಿರು ಕೇಳಿದವರಿಗೆ ಗೊತ್ತು. ಅದಕ್ಕೇ ಮುಂದೆ ಎಳೆಯುವ ಇಂಜಿನ್‌ಗಳಲ್ಲದೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್ ಕಟ್ಟುತ್ತಾರೆ. ಇಳಿಯುವಾಗಿನ ಚಿಂತೆ ಬೇರೆ, ಬ್ರೇಕಿನದು. ದೋಣಿಗಲ್, ಕಡಗರವಳ್ಳಿ, ಎಡಕುಮರಿ, ಸಿರಿಬಾಗಿಲು ಎಂದು ನಡುವೆ ಸಣ್ಣ ಸಣ್ಣ ಸ್ಟೇಷನ್‌ಗಳಿವೆ. ಅಲ್ಲಿ ಹತ್ತುವವರಿಲ್ಲ, ಇಳಿಯುವವರಿಲ್ಲ, ರೈಲು ಯಾಕೆ ನಿಂತಿತು ಎಂದು ನೀವು ಗೊಣಗುವುದನ್ನು ಕೇಳಿದ್ದೇನೆ. ಬ್ರೇಕು ಸರಿಯಾಗಿ ಹಿಡಿಯುತ್ತಿದೆಯೇ ನೋಡಿಕೊಳ್ಳಲು, ಎದುರಿನ ಗಾಡಿಗೆ ದಾರಿ ಬಿಡಲು ಅಲ್ಲಿ ನಿಲ್ಲಬೇಕು. ಗಾಡಿ ಹತೋಟಿ ತಪ್ಪಿದರೆ ಅದನ್ನು ಪಕ್ಕಕ್ಕೆ ತಿರುಗಿಸಿ ಏರಿನ ಮೇಲೆ ಹತ್ತಿಸಿ ನಿಲ್ಲಿಸಲೆಂದೇ ಬೇರೆ ಹಳಿಗಳನ್ನು ಹಾಕಿದ್ದಾರೆ. ಮುಂದಿನ ಸಲ ನಿಂತಾಗ ಆ ಹಳಿಯನ್ನೊಮ್ಮೆ ನೋಡಿ. ಎಲ್ಲಿಗೂ ಹೋಗದೆ ಗುಡ್ಡದ ಕಡೆಗೆ ಏರಿ ಮುಗಿದುಹೋಗುವ ಹಳಿ ಅದು.

ಕಿಟಕಿಯಾಚೆ ಕೆಂಪುಹೊಳೆಯ ಕಣಿವೆ. ಕಣಿವೆಯ ಆ ಬದಿಯಲ್ಲಿ ಶಿರಾಡಿ ಘಾಟಿಯ ಹೆದ್ದಾರಿ, ಅದರ ಮೇಲೆ ಇರುವೆ ಸಾಲಿನಂತೆ ಲಾರಿಗಳು. ಈ ಬದಿ ಬರೀ ಕಾಡು. ಮೋಡ ಬಂದು ಎಲ್ಲವನ್ನೂ ಮುಚ್ಚುತ್ತದೆ, ಒಂದು ಸುರಂಗ ದಾಟಿ ಹೊರಬಂದರೆ ಮೋಡ ಹರಿದು ಎದುರಿನ ಗುಡ್ಡದ ಮೇಲೆ ಮೂರು ನಾಲ್ಕು ಬಿಳಿ ಗೆರೆಗಳಂತೆ ಝರಿಗಳು. ಇಷ್ಟನ್ನು ನಾನು ಹೇಳಬೇಕಿಲ್ಲ, ನಿಮ್ಮ ಮೊಬೈಲುಗಳಲ್ಲಿ ಇವೆ.

ಆದರೆ ಈ ಲೈನನ್ನು ಯಾರೂ ನೋಟಕ್ಕಾಗಿ ಹಾಕಲಿಲ್ಲ. ಮಂಗಳೂರಿನಲ್ಲಿ ಹೊಸ ಬಂದರು ಕಟ್ಟುವ ಕಾಲದಲ್ಲಿ ಬಯಲುಸೀಮೆಯ ಅದಿರನ್ನು ಘಟ್ಟ ಇಳಿಸಿ ಹಡಗಿಗೆ ತುಂಬುವುದು ಹೇಗೆ ಎಂಬ ಲೆಕ್ಕಾಚಾರದಿಂದ ಹುಟ್ಟಿದ ಲೈನು ಇದು. ಅರವತ್ತರ ದಶಕದ ಮಧ್ಯದಲ್ಲಿ ಕೆಲಸ ಹಿಡಿದರು. ಹಾಸನದಿಂದ ಮಂಗಳೂರಿನವರೆಗಿನ 189 ಕಿಲೋಮೀಟರು ಪೂರ್ತಿಯಾಗುವಾಗ 1979 ಬಂತು. ನಾನಾಗ ಹೈಸ್ಕೂಲು ಹುಡುಗ. ಚಿಕ್ಕಪ್ಪ ಮೊದಲು ಕೂಲಿಯಾಗಿ ಸೇರಿದವರು ಆಮೇಲೆ ಗ್ಯಾಂಗ್‌ಮನ್ ಆದರು. ಅವರ ಜೊತೆ ಕೆಲಸ ಮಾಡಿದವರಲ್ಲಿ ತಮಿಳರಿದ್ದರು, ಮಲಯಾಳಿಗಳಿದ್ದರು, ಆಂಧ್ರದವರಿದ್ದರು. ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸಿಡಿಸಿ, ಪುಡಿಯಾದ ಕಲ್ಲನ್ನು ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕಿದ ಕೈಗಳು ಅವು. ಸುರಂಗದಲ್ಲಿ ಸತ್ತವರ, ಜ್ವರ ಹಿಡಿದು ಹೋದವರ ಮಾತನ್ನು ಚಿಕ್ಕಪ್ಪ ಆಡುತ್ತಿದ್ದರು. ಅವರ ಹೆಸರು ಬರೆದ ಒಂದು ಕಲ್ಲನ್ನೂ ನಾನು ಈ ದಾರಿಯಲ್ಲಿ ಕಂಡಿಲ್ಲ.

ಹೀಗೆ ಹಾಕಿದ್ದು ಮೀಟರ್ ಗೇಜ್ ಹಳಿ. ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಲೈನು ಎರಡು ದಶಕವೂ ನಡೆಯಲಿಲ್ಲ. ಬ್ರಾಡ್‌ಗೇಜ್ ಮಾಡಬೇಕೆಂದು ತೊಂಬತ್ತರ ದಶಕದ ಮಧ್ಯದಲ್ಲಿ ರೈಲು ನಿಲ್ಲಿಸಿದರು. ಮತ್ತೆ ಗೂಡ್ಸ್ ಓಡಿದ್ದು 2006ರಲ್ಲಿ, ಜನ ಹತ್ತುವ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ಘಟ್ಟದಲ್ಲಿ ರೈಲಿನ ಸದ್ದಿರಲಿಲ್ಲ.

ಆ ಸದ್ದಿಲ್ಲದ ಕಾಲದಲ್ಲೇ ನಡೆಯುವವರು ಶುರುವಾದದ್ದು. ಹಳಿ ಇದೆ, ರೈಲಿಲ್ಲ. ಸುರಂಗ ಇದೆ, ಹೊಗೆಯಿಲ್ಲ. ನಾನೂ ಆಗೊಮ್ಮೆ ಇಬ್ಬರು ಮೇಷ್ಟ್ರ ಜೊತೆ ದೋಣಿಗಲ್‌ನಿಂದ ಎಡಕುಮರಿಗೆ ನಡೆದಿದ್ದೇನೆ. ಟಾರ್ಚು, ಬೆಲ್ಲ, ಅವಲಕ್ಕಿ, ಜಿಗಣೆಗೆ ಉಪ್ಪು ಮತ್ತು ಹೊಗೆಸೊಪ್ಪು. ಸುರಂಗದೊಳಗೆ ಬಾವಲಿಗಳು, ಗೋಡೆಯಿಂದ ತೊಟ್ಟಿಕ್ಕುವ ನೀರು. ರಾತ್ರಿ ಎಡಕುಮರಿಯ ಪಾಳು ಸ್ಟೇಷನ್ನಿನಲ್ಲಿ ಮಲಗಿದ್ದಾಗ ಕಾಡಿನಲ್ಲಿ ಆನೆ ಬಿದಿರು ಮುರಿಯುವ ಸದ್ದು ಕೇಳಿತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಆದ್ದರಿಂದ ಆ ದಾರಿಯಲ್ಲಿ ನಡೆಯಬೇಕೆಂಬ ನಿಮ್ಮ ಆಸೆ ನನಗೆ ಅರ್ಥವಾಗದ್ದಲ್ಲ. ನಮ್ಮಂಥವರು ಹೇಳಿದ, ಬರೆದ ಕಥೆಗಳೇ ಬಾಯಿಂದ ಬಾಯಿಗೆ ಹರಡಿ ನಿಮ್ಮನ್ನು ಇಲ್ಲಿಗೆ ಕರೆತಂದಿರಬಹುದು. ಅದಕ್ಕೇ ಇದನ್ನು ಹೇಳುವ ಹೊಣೆಯೂ ನಮ್ಮದೇ: ನಾವು ನಡೆದದ್ದು ಸತ್ತ ಹಳಿಯ ಮೇಲೆ. ಈಗ ಅದು ಜೀವ ಇರುವ ಹಳಿ. ಹಗಲು ರಾತ್ರಿ ಅದರ ಮೇಲೆ ಗೂಡ್ಸ್ ಇಳಿಯುತ್ತದೆ, ಹತ್ತುತ್ತದೆ. ಗೂಡ್ಸ್‌ಗೆ ನೀವು ನೋಡಿಕೊಳ್ಳಬಹುದಾದ ವೇಳಾಪಟ್ಟಿ ಇಲ್ಲ.

ಎರಡು ವರ್ಷದ ಹಿಂದೆ ಸಿರಿಬಾಗಿಲಿನ ಮೇಲ್ಗಡೆ ನಮ್ಮ ರೈಲು ಉದ್ದಕ್ಕೆ ಹಾರ್ನ್ ಹಾಕುತ್ತ, ಜಗ್ಗುತ್ತ ನಿಂತಿತು. ಬಾಗಿಲಿನಿಂದ ಬಗ್ಗಿ ನೋಡಿದೆವು. ಮುಂದಿನ ಸೇತುವೆಯ ಮೇಲೆ ಐದು ಜನ ಹುಡುಗರು ಓಡುತ್ತಿದ್ದರು. ಸೇತುವೆಗೆ ಇಕ್ಕೆಲದಲ್ಲೂ ಹಿಡಿಯಲು ಏನೂ ಇಲ್ಲ, ಸ್ಲೀಪರುಗಳ ನಡುವೆ ನೋಡಿದರೆ ಕೆಳಗೆ ಹೊಳೆ. ನಾಲ್ವರು ದಾಟಿದರು. ಐದನೆಯವನು ಹಳಿಯ ಪಕ್ಕ ಗ್ಯಾಂಗ್‌ನವರಿಗೆಂದು ಮಾಡಿದ ತೊಟ್ಟಿಲಿನಷ್ಟು ಜಾಗದಲ್ಲಿ ಕುಕ್ಕರಿಸಿ ಕಣ್ಣು ಮುಚ್ಚಿಕೊಂಡಿದ್ದ. ನಮ್ಮದು ಘಟ್ಟ ಹತ್ತುತ್ತಿದ್ದ ರೈಲು, ನಿಂತಿತು. ಅದೇ ತುಂಬಿದ ಗೂಡ್ಸ್ ಘಟ್ಟ ಇಳಿಯುತ್ತಿದ್ದರೆ? ಸಾವಿರಾರು ಟನ್ ಹೊತ್ತು ಇಳಿಜಾರಿನಲ್ಲಿ ಬರುತ್ತಿರುವ ಗಾಡಿಯನ್ನು, ತಿರುವಿನ ಆಚೆ ನಿಂತ ನಿಮ್ಮನ್ನು ಕಂಡ ಮೇಲೆ ನಿಲ್ಲಿಸಲು ಯಾವ ಲೋಕೊ ಪೈಲಟ್‌ಗೂ ಆಗದು. ಅವರು ಹಾರ್ನ್ ಹಾಕಬಹುದು, ಬ್ರೇಕ್ ಹಾಕಬಹುದು, ಆಮೇಲೆ ಆಗುವುದನ್ನು ಕಣ್ಣಾರೆ ನೋಡಬೇಕು. ಆ ದಿನ ರೈಲು ಮತ್ತೆ ಹೊರಟಾಗ ಆ ಹುಡುಗ ನಡುಗುತ್ತಿದ್ದುದನ್ನು ನಾನು ಕಿಟಕಿಯಿಂದಲೇ ನೋಡಿದೆ. ಅವನಿಗೆ ಇಪ್ಪತ್ತು ವರ್ಷವೂ ಆಗಿರಲಿಕ್ಕಿಲ್ಲ. ನನ್ನ ಕ್ಲಾಸಿನ ಹುಡುಗರ ಹಾಗೇ ಇದ್ದ.

ಹಳಿಯ ಮೇಲೆ ನಡೆಯುವುದು ಕಾನೂನಿಗೂ ವಿರುದ್ಧ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2023ರ ಜುಲೈನಲ್ಲಿ ದೂಧ್‌ಸಾಗರಕ್ಕೆ ಹಳಿಯ ಮೇಲೆ ನಡೆದು ಹೋದವರನ್ನು ತಡೆದು ಬಸ್ಕಿ ಹೊಡೆಸಿದ ವಿಡಿಯೊ ನೀವೂ ನೋಡಿರುತ್ತೀರಿ. ಬಸ್ಕಿ ಹೊಡೆಸಿದ್ದು ನನಗೆ ಇಷ್ಟವಾಗಲಿಲ್ಲ, ದೊಡ್ಡವರನ್ನು ಹಾಗೆ ಬೀದಿಯಲ್ಲಿ ಅವಮಾನ ಮಾಡಬಾರದು. ಆದರೆ ತಡೆದದ್ದು ಸರಿ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಆ ಘಟ್ಟ ನಮ್ಮದಕ್ಕಿಂತ ಕಡಿದು, 37ಕ್ಕೆ 1. ಇನ್ನೊಂದು ವಿಷಯ: ನಮ್ಮ ಘಟ್ಟಕ್ಕೂ ಈಗ ವಿದ್ಯುತ್ ತಂತಿ ಎಳೆದಿದ್ದಾರೆ. 2025ರಲ್ಲಿ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿ ಮಾಡಿದ ಕೆಲಸ ಅದು. ತಂತಿಯಲ್ಲಿರುವುದು 25,000 ವೋಲ್ಟ್. ಅದನ್ನು ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಎಳೆದುಕೊಳ್ಳುತ್ತದೆ. ಸೆಲ್ಫಿ ಕೋಲು ಎತ್ತುವವರು, ನಿಂತ ಗೂಡ್ಸ್ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವವರು ಇದನ್ನು ದಯವಿಟ್ಟು ನೆನಪಿಡಬೇಕು.

ಹಾಗಾದರೆ ಈ ಹಳಿಯ ಮೇಲೆ ಯಾರೂ ನಡೆಯುವುದಿಲ್ಲವೇ? ನಡೆಯುತ್ತಾರೆ. ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿದ್ದದ್ದು ಅವರ ವಿಷಯವನ್ನೇ.

ಮುಂದಿನ ಸಲ ಸುರಂಗ ಹೊಕ್ಕಾಗ ನೀವು ಕೂಗುವುದನ್ನು ಒಂದೇ ಒಂದು ಸುರಂಗಕ್ಕೆ ನಿಲ್ಲಿಸಿ, ಗೋಡೆ ಕಡೆ ಕಣ್ಣಿಡಿ. ಬೋಗಿಯ ಬೆಳಕು ಗೋಡೆಯ ಮೇಲೆ ಓಡುತ್ತಿರುತ್ತದೆ. ಅಲ್ಲಲ್ಲಿ ಗೋಡೆ ಒಳಸರಿದು ಒಂದು ಗೂಡು ಕಾಣುತ್ತದೆ, ಒಬ್ಬರೋ ಇಬ್ಬರೋ ನಿಲ್ಲುವಷ್ಟು. ಒಮ್ಮೊಮ್ಮೆ ಆ ಗೂಡಿನಲ್ಲಿ ಮನುಷ್ಯರಿರುತ್ತಾರೆ. ಕಿತ್ತಳೆ ಬಣ್ಣದ ಅಂಗಿ, ಕೈಯಲ್ಲಿ ಉದ್ದ ಹಿಡಿಕೆಯ ಸುತ್ತಿಗೆಯೋ ಸ್ಪ್ಯಾನರೋ, ಬೆನ್ನನ್ನು ಒದ್ದೆ ಬಂಡೆಗೆ ಒತ್ತಿಕೊಂಡು ರೈಲು ಹೋಗಲಿ ಎಂದು ಕಾಯುತ್ತಿರುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಗೂಡು ಹಿಂದೆ ಹೋಗುತ್ತದೆ. ಅವರಿಗೆ ಮಾತ್ರ ಅಷ್ಟು ಬೇಗ ಮುಗಿಯುವುದಿಲ್ಲ. ಇಪ್ಪತ್ತಕ್ಕೂ ಹೆಚ್ಚು ಬೋಗಿ ಮುಖದ ಮುಂದೆ ಒಂದು ಮೊಳದ ದೂರದಲ್ಲಿ ಹೋಗಬೇಕು. ಆ ಗಾಳಿ, ಆ ಸದ್ದು, ಬೋಗಿಯಿಂದ ಚಿಮ್ಮುವ ನೀರು. ಯಾರೋ ಕಿಟಕಿಯಿಂದ ಎಸೆದ ಬಾಟಲಿ ಚಿಕ್ಕಪ್ಪನ ಜೊತೆಗಾರರೊಬ್ಬರ ಹುಬ್ಬಿಗೆ ಹೀಗೇ ತಗುಲಿ ಹೊಲಿಗೆ ಹಾಕಿಸಬೇಕಾಯಿತು. ಎಸೆದವರಿಗೆ ಅದು ಗೊತ್ತೂ ಆಗಿರಲಿಕ್ಕಿಲ್ಲ.

ಮಳೆಗಾಲದ ರಾತ್ರಿಗಳಲ್ಲಿ ಇವರದ್ದು ಪೆಟ್ರೋಲಿಂಗ್ ಕೆಲಸ. ಲೈನನ್ನು ಬೀಟ್‌ಗಳಾಗಿ ಹಂಚಿರುತ್ತಾರೆ. ಒಂದು ಬೀಟಿನವರು ತಮ್ಮ ಗಡಿಯವರೆಗೆ ನಡೆದು ಹೋಗಿ, ಆ ಕಡೆಯಿಂದ ಬಂದವರ ಜೊತೆ ಪುಸ್ತಕ ಬದಲಾಯಿಸಿಕೊಂಡು ಹಿಂದಿರುಗಬೇಕು. ಪುಸ್ತಕ ಕೈ ಬದಲಾಯಿತು ಎಂದರೆ ಇಬ್ಬರೂ ಪೂರ್ತಿ ನಡೆದಿದ್ದಾರೆ ಎಂದು ಲೆಕ್ಕ. ಸ್ಟೇಷನ್ ಮಾಸ್ಟರು ಅದಕ್ಕೆ ಸಹಿ ಹಾಕುತ್ತಾರೆ. ಕೈಯಲ್ಲಿ ಬಣ್ಣ ಬದಲಿಸುವ ಲಾಟೀನು, ಕೊರಳಲ್ಲಿ ಸೀಟಿ, ಹೆಗಲ ಚೀಲದಲ್ಲಿ ಬಾವುಟ ಮತ್ತು ಪಟಾಕಿ ಡಬ್ಬಿ. ಪಟಾಕಿ ಎಂದರೆ ದೀಪಾವಳಿಯದಲ್ಲ. ಶೂ ಪಾಲಿಶ್ ಡಬ್ಬಿಯಷ್ಟು ದೊಡ್ಡದು, ಎರಡು ಬದಿಗೂ ತಗಡಿನ ಪಟ್ಟಿ. ಆ ಪಟ್ಟಿಗಳನ್ನು ಮಡಚಿ ಹಳಿಯ ತಲೆಗೆ ಬಿಗಿದರೆ, ಇಂಜಿನ್ನಿನ ಚಕ್ರ ಹತ್ತಿದ ಕೂಡಲೇ ಢಂ ಎನ್ನುತ್ತದೆ. ಗುಡ್ಡ ಜರಿದದ್ದು ಕಂಡರೆ ಇವರು ಮೊದಲು ರೈಲು ಬರುವ ದಿಕ್ಕಿಗೆ ಓಡಬೇಕು. 600 ಮೀಟರು ಓಡಿ ಒಂದು ಪಟಾಕಿ, 1200 ಮೀಟರು ತಲುಪಿ ಹತ್ತು ಹತ್ತು ಮೀಟರು ಬಿಟ್ಟು ಮೂರು ಪಟಾಕಿ. ಕುಂಭದ್ರೋಣ ಮಳೆಯಲ್ಲಿ, ಕತ್ತಲೆಯಲ್ಲಿ, ಪಾಚಿ ಹಿಡಿದ ಸ್ಲೀಪರುಗಳ ಮೇಲೆ, ಜಲ್ಲಿಕಲ್ಲಿನ ಮೇಲೆ, ಒಂದು ಕಿಲೋಮೀಟರಿಗಿಂತ ಹೆಚ್ಚು ದೂರ, ಎದುರಿನಿಂದ ರೈಲು ಬರುತ್ತಿದೆ ಎಂದು ಗೊತ್ತಿದ್ದೂ ಅದರ ಕಡೆಗೇ ಓಡುವುದು. ಚಿಕ್ಕಪ್ಪ ಅಂಥ ಓಟ ಓಡಿದ್ದು ಒಂದೇ ಒಂದು ಸಲ. ಗಾಡಿ ನಿಂತಿತು. ಮನೆಗೆ ಬಂದು ಒದ್ದೆ ಬಟ್ಟೆ ಬಿಚ್ಚುವಾಗ ಎರಡೂ ಮೊಣಕಾಲು ಒಡೆದು ರಕ್ತ ಹೆಪ್ಪುಗಟ್ಟಿತ್ತು. ಚಿಕ್ಕಮ್ಮ ಬಿಸಿನೀರು ಕಾಯಿಸಿದಳು. ಅವರು ಊಟ ಮಾಡಿ ಮಲಗಿದರು. ಮರುದಿನ ಮತ್ತೆ ಡ್ಯೂಟಿ.

2018ರ ಆಗಸ್ಟ್‌ನಲ್ಲಿ ಈ ಘಟ್ಟದಲ್ಲಿ ಹತ್ತಾರು ಕಡೆ ಧರೆ ಕುಸಿಯಿತು, ಹಳಿ ಮಣ್ಣಿನಡಿ ಹೋಯಿತು, ರೈಲು ಮತ್ತೆ ಸರಿಯಾಗಿ ಓಡಲು ತಿಂಗಳುಗಳೇ ಹಿಡಿದವು. 2024ರ ಜುಲೈ ಕೊನೆಯಲ್ಲಿ ಎಡಕುಮರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿಹೋಯಿತು. ಅಲ್ಲಿಗೆ ರಸ್ತೆ ಇಲ್ಲ. ಕಲ್ಲು, ಮರಳಿನ ಚೀಲ, ಕಬ್ಬಿಣದ ಬಲೆ ಎಲ್ಲವೂ ಹಳಿಯ ಮೇಲೇ ಬರಬೇಕು. ನೂರಾರು ಜನ ಮಳೆಯಲ್ಲಿ ನಿಂತು ಹಗಲಿರುಳು ಬಲೆಯೊಳಗೆ ಕಲ್ಲು ತುಂಬಿ ಗೋಡೆ ಕಟ್ಟಿದರು. ನೀವು ಈಗ ಆ ಜಾಗದಲ್ಲಿ ರೈಲು ಆಮೆಯಂತೆ ಹೋಗುವುದನ್ನು ಗಮನಿಸಿರಬಹುದು. ವಿಡಿಯೊಗೆ ಅನುಕೂಲ ಎಂದು ಖುಷಿಪಟ್ಟಿರಬಹುದು. ಕೆಳಗಿನ ಗೋಡೆ ಕಟ್ಟಿದವರನ್ನು ಆಗ ನೆನೆಯಿರಿ ಎಂದಷ್ಟೇ ನನ್ನ ಕೋರಿಕೆ.

ಈಗ ಗಾಜಿನ ಬೋಗಿಯ ವಿಷಯ. 2021ರ ಜುಲೈನಲ್ಲಿ ಈ ದಾರಿಗೆ ವಿಸ್ಟಾಡೋಮ್ ಬಂತು. ಚಾವಣಿಯಲ್ಲೂ ಗಾಜು, ತಿರುಗುವ ಕುರ್ಚಿ, ಒಂದು ಬೋಗಿಗೆ 44 ಸೀಟು. ಬಂದದ್ದು ಒಳ್ಳೆಯದೇ ಆಯಿತು. ಮಂಡಿನೋವಿನ ನನ್ನ ಅಕ್ಕನನ್ನು ಅದರಲ್ಲಿ ಕೂರಿಸಿಕೊಂಡು ಹೋಗಿದ್ದೆ. ಅರವತ್ತೈದು ವರ್ಷ ಘಟ್ಟದ ಅಂಚಿನಲ್ಲೇ ಬದುಕಿದವಳು ಸುರಂಗದಿಂದ ಹೊರಬಂದಾಗಲೆಲ್ಲ ಕುರ್ಚಿ ತಿರುಗಿಸಿ ಮಗುವಿನ ಹಾಗೆ ನಗುತ್ತಿದ್ದಳು. ಅಂಥ ಬೋಗಿ ಇನ್ನೂ ನಾಲ್ಕು ಬರಲಿ. ಆದರೆ ಅದರ ಟಿಕೆಟ್ಟಿನ ಬೆಲೆ ಸಾಮಾನ್ಯ ಬೋಗಿಗಿಂತ ಹಲವು ಪಟ್ಟು. ಘಟ್ಟ ನೋಡುವುದು ಕಾಸಿದ್ದವರ ಪಾಲಿಗಷ್ಟೇ ಆಗಬಾರದು. ನನ್ನ ಮಟ್ಟಿಗೆ ಹೇಳುವುದಾದರೆ ಘಟ್ಟವನ್ನು ಚೆನ್ನಾಗಿ ಕಾಣಿಸುವುದು ಜನರಲ್ ಬೋಗಿಯ ಸರಳಿನ ಕಿಟಕಿಯೇ. ಇರಚಲು ಮುಖಕ್ಕೆ ಹೊಡೆಯುತ್ತದೆ, ಸುರಂಗದ ತಣ್ಣನೆ ಉಸಿರು ತಾಗುತ್ತದೆ, ಕೊಳೆತ ಎಲೆಯ ವಾಸನೆ, ಸುಟ್ಟ ಬ್ರೇಕಿನ ವಾಸನೆ ಎರಡೂ ಬರುತ್ತವೆ. ಪಕ್ಕದಲ್ಲಿ ಸುಬ್ರಹ್ಮಣ್ಯಕ್ಕೆ ಹರಕೆ ತೀರಿಸಲು ಹೊರಟ ಹಳ್ಳಿಯ ಸಂಸಾರ, ಅವರ ಬುತ್ತಿಯ ಚಿತ್ರಾನ್ನ. ಮಂಗಳೂರಿನ ಆಸ್ಪತ್ರೆಗೆ ಹೋಗುವವರು, ಹಾಸ್ಟೆಲಿಗೆ ಮರಳುವ ಹುಡುಗಿಯರು. ಹಗಲು ರೈಲು ಅವರದ್ದೂ ಹೌದು. ರೀಲ್ಸಿಗಾಗಿ ಬಾಗಿಲು ಕಟ್ಟಿ ನಿಂತು ಸುಬ್ರಹ್ಮಣ್ಯ ರಸ್ತೆಯಲ್ಲಿ ಇಳಿಯಬೇಕಾದ ಮುದುಕಿಗೆ ದಾರಿ ಬಿಡದೆ ಹೋದದ್ದನ್ನು ನಾನು ನೋಡಿದ್ದೇನೆ. ಆಕೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಮೊಮ್ಮಗನಿಗೆ ಫೋನು ಮಾಡಿಸಿಕೊಂಡಳು.

ನೀವು ನೀಲಗಿರಿಗೂ ಹೋಗಿರುತ್ತೀರಿ. ಮೆಟ್ಟುಪಾಳಯದಿಂದ ಉದಕಮಂಡಲಕ್ಕೆ 46 ಕಿಲೋಮೀಟರಿನ ಪುಟ್ಟ ಮೀಟರ್ ಗೇಜ್ ಲೈನು. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ. ಕಲ್ಲಾರ್‌ನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿ, ಇಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುವ ಹಾಗೆ ಮಾಡಿದ್ದಾರೆ. ಅಲ್ಲಿ ಏರು 12 ಅಡಿಗೆ ಒಂದು ಅಡಿಯಷ್ಟು. ಅದಕ್ಕೆ 2005ರಲ್ಲಿ ಯುನೆಸ್ಕೊ ಮನ್ನಣೆ ಬಂತು, ಡಾರ್ಜೀಲಿಂಗಿಗೆ 1999ರಲ್ಲೇ ಬಂದಿತ್ತು. ನನಗೆ ಮನ್ನಣೆಗಿಂತ ದೊಡ್ಡದಾಗಿ ಕಾಣುವುದು ಬೇರೆ ಸಂಗತಿ. ಹಳೆಯ ಉಗಿ ಇಂಜಿನ್‌ಗಳು ಸವೆದಾಗ ಲೈನು ಮುಚ್ಚಲಿಲ್ಲ. ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ ಅದೇ ಮಾದರಿಯ ಹೊಸ ಉಗಿ ಇಂಜಿನ್‌ಗಳನ್ನು ಮಾಡಿಸಿದರು. ಇಪ್ಪತ್ತೊಂದನೇ ಶತಮಾನದಲ್ಲಿ ಹೊಸದಾಗಿ ಉಗಿ ಇಂಜಿನ್! ಬೇಕೆಂದರೆ ಆಗುತ್ತದೆ.

ನಾವು ಕರ್ನಾಟಕದವರು ಹಾಗೆ ಬೇಕೆನ್ನಲಿಲ್ಲ. ಘಟ್ಟದ ಮೀಟರ್ ಗೇಜ್ ಹಳಿ ಕಿತ್ತಾಗ ಒಂದು ಫರ್ಲಾಂಗಾದರೂ ಹಾಗೇ ಇಡಿ ಎಂದು ಕೇಳಿದವರಿಲ್ಲ, ನಾನೂ ಕೇಳಲಿಲ್ಲ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಕಾಡಿನ ನಡುವೆ ಬಸ್ಸಿನಂಥದ್ದೇ ಒಂದು ರೈಲ್‌ಬಸ್ ಓಡುತ್ತಿತ್ತು, ಬ್ರಾಡ್‌ಗೇಜ್ ಬಂದ ಮೇಲೆ ಅದೂ ಹೋಯಿತು. ಬ್ರಾಡ್‌ಗೇಜ್ ಬೇಕಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಅದರ ಪಕ್ಕದಲ್ಲಿ ಹಳೆಯದರ ಒಂದು ತುಣುಕು ಉಳಿಯಬಹುದಿತ್ತು. ಉಳಿದಿರುವುದೂ ಇದೆ ಎನ್ನಿ. ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಇದೆ, ಮಹಾರಾಣಿಯವರ ಸಲೂನ್ ಬೋಗಿ ಅಲ್ಲಿದೆ. ಶಂಕರ್‌ನಾಗ್ ಅವರು ‘ಮಾಲ್ಗುಡಿ ಡೇಸ್’ನ ರೈಲ್ವೆ ಸ್ಟೇಷನ್ನಾಗಿ ತೋರಿಸಿದ ಅರಸಾಳಿನ ಹಳೆಯ ಕಟ್ಟಡವನ್ನು ಕೆಡವದೆ 2020ರಲ್ಲಿ ಪುಟ್ಟ ಮ್ಯೂಸಿಯಂ ಮಾಡಿದ್ದಾರೆ. ಜೋಗಕ್ಕೆ ಹೋಗುವವರು ಅರಸಾಳಿನಲ್ಲಿ ಒಂದು ಗಂಟೆ ಕಳೆಯಿರಿ. ಚಿಕ್ಕಬಳ್ಳಾಪುರದ ದಾರಿಯಲ್ಲಿ ನಂದಿ ಹಾಲ್ಟ್, ದೇವನಹಳ್ಳಿಗಳ ಕಲ್ಲುಕಟ್ಟಡದ ಹಳೆಯ ಸ್ಟೇಷನ್‌ಗಳಿಗೆ ಮತ್ತೆ ಜೀವ ತುಂಬುವ ಕೆಲಸ ನಡೆದಿದೆ. ಕ್ಯಾಸಲ್‌ರಾಕ್ ಇದೆ. 1961ರವರೆಗೆ ಗೋವಾ ಪೋರ್ಚುಗೀಸರದ್ದಾಗಿದ್ದಾಗ ಗಡಿ ದಾಟುವವರ ಗಂಟುಮೂಟೆ ಬಿಚ್ಚಿ ನೋಡುತ್ತಿದ್ದ ಸುಂಕದ ಸ್ಟೇಷನ್ ಅದು. ಇವನ್ನೆಲ್ಲ ನೋಡಲು ಹಳಿಯ ಮೇಲೆ ನಡೆಯಬೇಕಿಲ್ಲ. ಟಿಕೆಟ್ ತೆಗೆದುಕೊಂಡು ಇಳಿದರೆ ಸಾಕು.

ನಮ್ಮ ಘಟ್ಟದ ಲೈನಿಗೆ ಇನ್ನೂ ಐವತ್ತು ತುಂಬಿಲ್ಲ. ಪರಂಪರೆ ಎನ್ನಲು ಅದು ಎಳೆಯದೆಂದು ಕೆಲವರು ಹೇಳಬಹುದು. ನಾನು ಒಪ್ಪುವುದಿಲ್ಲ. ಅದಿರಿಗಾಗಿ ಹುಟ್ಟಿ, ಮುಚ್ಚಿ, ಮತ್ತೆ ತೆರೆದು, ಪ್ರತಿ ಮಳೆಗಾಲ ಕುಸಿದು, ಪ್ರತಿ ಸಲ ಕೈಯಲ್ಲೇ ಎತ್ತಿ ನಿಲ್ಲಿಸಿದ ಲೈನು ಇದು. 2029ಕ್ಕೆ ಇದು ಪೂರ್ತಿಯಾಗಿ ಐವತ್ತು ವರ್ಷವಾಗುತ್ತದೆ. ಅಷ್ಟರೊಳಗೆ ಸಕಲೇಶಪುರದ ಸ್ಟೇಷನ್ನಿನಲ್ಲಿ ಈ ಸುರಂಗಗಳನ್ನು ಕೊರೆದವರ ನೆನಪಿಗೊಂದು ಕೋಣೆ ಆಗಬೇಕು. ಹಳೆಯ ಫೋಟೊಗಳು, ಆ ಲಾಟೀನು, ಆ ಪಟಾಕಿ ಡಬ್ಬಿ, ಬೀಟ್ ಪುಸ್ತಕ ಅಲ್ಲಿರಬೇಕು. ಚಿಕ್ಕಪ್ಪನ ಲಾಟೀನು ನಮ್ಮ ಅಟ್ಟದ ಮೇಲಿದೆ, ನಾನು ಕೊಡುತ್ತೇನೆ. ಈ ಮಾತನ್ನು ನಾನೊಬ್ಬ ನಿವೃತ್ತ ಮೇಷ್ಟ್ರು ಕೇಳಿದರೆ ಒಂದು ಅರ್ಜಿ ಆಗುತ್ತದೆ. ವರ್ಷವರ್ಷ ಬರುವ ಸಾವಿರಾರು ಜನ ನೀವು ಕೇಳಿದರೆ ರೈಲ್ವೆಯವರು ಉತ್ತರ ಕೊಡಬೇಕಾಗುತ್ತದೆ. ಜೊತೆಗೇ ಇನ್ನೊಂದನ್ನೂ ಕೇಳಿ: ಹಗಲು ರೈಲು ಮಳೆಗಾಲದಲ್ಲಿ ತಪ್ಪದೆ ಓಡಲಿ, ಅದರಲ್ಲಿ ಜನರಲ್ ಬೋಗಿ ಇನ್ನೆರಡು ಹೆಚ್ಚಾಗಲಿ.

ಉಳಿದ ಮಾತುಗಳು ಸಣ್ಣವು. ತಿಂದ ಪೊಟ್ಟಣ, ಕುಡಿದ ಬಾಟಲಿ ಚೀಲದಲ್ಲೇ ಇರಲಿ, ಸುಬ್ರಹ್ಮಣ್ಯ ರಸ್ತೆಯಲ್ಲಿ ಡಬ್ಬ ಇದೆ. ಈ ಕಾಡಿನಲ್ಲಿ ಕಸ ಎತ್ತಲು ಬೇರೆ ಯಾರೂ ಬರುವುದಿಲ್ಲ, ಅದೇ ಗ್ಯಾಂಗ್‌ನವರು ಎತ್ತಬೇಕು, ಇಲ್ಲವೇ ಅದು ಮೋರಿ ಕಟ್ಟಿ ನೀರು ಹಳಿಯ ಬುಡಕ್ಕೆ ಹರಿಯುತ್ತದೆ. ಮಂಗಗಳಿಗೆ ತಿಂಡಿ ಎಸೆಯಬೇಡಿ, ಅವು ಹಳಿಗೆ ಬರುತ್ತವೆ. ಎಡಕುಮರಿಯಲ್ಲಿ ರೈಲು ನಿಂತಾಗ ಇಳಿದು ಸುರಂಗದ ಬಾಯಿಗೆ ಓಡಬೇಡಿ. ಬಾಗಿಲಲ್ಲಿ ನಿಲ್ಲುವವರ ಭುಜ ಮುಟ್ಟಿ ಒಳಗೆ ಕರೆಯಿರಿ. ಬೈದರೂ ಕರೆಯಿರಿ.

ಗುಡ್ಡದ ಮೇಲೆ ನಡೆಯಲೇಬೇಕು ಎನ್ನುವವರಿಗೆ ನಮ್ಮಲ್ಲಿ ದಾರಿಗಳಿಗೆ ಬರವಿಲ್ಲ. ಮಂಜರಾಬಾದ್ ಕೋಟೆ ಇದೆ. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಬಹುದಾದ ಚಾರಣದ ದಾರಿಗಳಿವೆ. ಬನ್ನಿ, ಸ್ಟೇಷನ್ನಿನ ಹತ್ತಿರವೇ ನನ್ನ ಮನೆ, ಒಂದು ಲೋಟ ಕಾಫಿ ಕುಡಿದು ಹೋಗಿ. ಹಳಿಯನ್ನು ಮಾತ್ರ ಗ್ಯಾಂಗ್‌ನವರಿಗೆ ಬಿಟ್ಟುಬಿಡಿ. ರೈಲಿನೊಳಗೆ ಕೂತು ನೋಡಿ. ಸುರಂಗದ ಗೂಡಿನಲ್ಲಿ ನಿಂತವರು ಕಂಡರೆ ಅವರತ್ತ ಒಮ್ಮೆ ಕೈ ಬೀಸಿ.

ಇಂತಿ ನಿಮ್ಮ,
ಸಕಲೇಶಪುರದ ಒಬ್ಬ ನಿವೃತ್ತ ಮೇಷ್ಟ್ರು